ಹಿಡಿ, ಜಗ್ಗು, ಬಿಡು

ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೆ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗಲೇ ಅದಕ್ಕೆ ಉತ್ತರ ದೊರೆತಿತ್ತು. ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದು ಆ ಉತ್ತರಕ್ಕೆ ಮುದ್ರೆಯೊತ್ತಿದರು. ಆದರೂ ಪ್ರಶ್ನೆ ಸಾಯಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕಗಳನ್ನೂ ಪಡೆದು, ಪದವಿಪೂರ್ವ ವಿಜ್ಞಾನ ತರಗತಿಗೆ ಬಂದ ಹಳ್ಳಿಯ ವಿದ್ಯಾರ್ಥಿ ಮೊದಲ ತಿಂಗಳಲ್ಲೇ ಮಂಕಾಗಿ ಕೂಡುವುದನ್ನು ಕಾಲೇಜಿನಲ್ಲಿ ಪಾಠ ಹೇಳುವ ನಾವೆಲ್ಲರೂ ಬಲ್ಲೆವು. ಕನ್ನಡದಲ್ಲಿ ಪದಗಳಿಲ್ಲ, ಅದಕ್ಕೇ ಹೀಗಾಯಿತು ಎಂದು ಕೆಲವರು ಹೇಳುತ್ತಾರೆ. ಇನ್ನಷ್ಟು ಪದಗಳನ್ನು ಟಂಕಿಸಿದರೆ ಸರಿಹೋದೀತು ಎಂದು ಮತ್ತೆ ಕೆಲವರು ಹೇಳುತ್ತಾರೆ. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಿಲ್ಲ. ನಮ್ಮಲ್ಲಿ ನಾಮಪದಗಳ ಕೊರತೆಯಿಲ್ಲ. ಬೇಕಾದುದಕ್ಕಿಂತ ಹೆಚ್ಚೇ ಇವೆ. ನಾವು ಮರೆತಿರುವುದು ಕ್ರಿಯಾಪದವನ್ನು.

ಈ ಮಾತನ್ನು ಸುಮ್ಮನೆ ಹೇಳಿ ಬಿಟ್ಟರೆ ಅದು ಭಾಷಣವಾದೀತು. ಆದುದರಿಂದ ಒಂದೇ ಒಂದು ಪಾಠವನ್ನು ಎದುರಿಗಿಟ್ಟುಕೊಂಡು ನೋಡೋಣ. ದೇಹ ಹೇಗೆ ಚಲಿಸುತ್ತದೆ ಎಂಬ ಪಾಠವನ್ನೇ ತೆಗೆದುಕೊಳ್ಳುತ್ತೇನೆ. ಚಲನೆಯ ಪಾಠದಲ್ಲಿ ಕ್ರಿಯಾಪದಕ್ಕಿಂತ ಮುಖ್ಯವಾದುದು ಬೇರೆ ಯಾವುದಿದ್ದೀತು?

ಮೊದಲು ಹೆಸರಿನ ವಿಚಾರ. ಇಂಗ್ಲಿಷರು ಇದಕ್ಕಿಟ್ಟ ಹೆಸರಿನ ಮೂಲ ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದರ ಅರ್ಥ ‘ಪುಟ್ಟ ಇಲಿ’. ಚರ್ಮದಡಿಯಲ್ಲಿ ಉಬ್ಬಿ ಸರಿದಾಡುವುದನ್ನು ಕಂಡು ರೋಮನರಿಗೆ ಇಲಿಯ ನೆನಪಾಯಿತು. ನಮ್ಮವರಿಗೆ ಮೀನಿನ ನೆನಪಾಯಿತು. ಕಾಲ ಹಿಂಬದಿಯ ಮಾಂಸಕ್ಕೆ ನಾವು ಮೀನಖಂಡ ಎನ್ನುತ್ತೇವೆ. ಎರಡು ತುದಿಗಳಲ್ಲಿ ಸಣ್ಣಗಾಗಿ, ನಡುವೆ ತೋರವಾಗಿ, ಹಿಡಿದರೆ ಜಾರುವ ಆ ಖಂಡಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತ ಮಂಡಲಿಯೂ ಕೊಡಲಾರದು. ಗ್ರಂಥಸ್ಥ ಹೆಸರಿನ ಕಥೆ ಬೇರೆ. ನಮ್ಮ ಪಠ್ಯಗಳಲ್ಲಿ ಬಳಕೆಯಾಗಿರುವ ‘ಸ್ನಾಯು’ ಎಂಬ ಶಬ್ದ ಸುಶ್ರುತನಲ್ಲಿ ಮಾಂಸಖಂಡವನ್ನು ಹೇಳುವುದಿಲ್ಲ. ಅವನು ದೇಹದಲ್ಲಿ 500 ಪೇಶಿಗಳನ್ನೂ 900 ಸ್ನಾಯುಗಳನ್ನೂ ಎಣಿಸುತ್ತಾನೆ. ಪೇಶಿಯೆಂದರೆ ಮಾಂಸ, ಸ್ನಾಯುವೆಂದರೆ ಕಟ್ಟುವ ನಾರು, ದೋಣಿಯ ಹಲಗೆಗಳನ್ನು ಬಿಗಿದಂತೆ ಅವಯವಗಳನ್ನು ಬಿಗಿಯುವ ಕಟ್ಟು. ಅದೇ ಶಬ್ದ ಬಂಗಾಳಿಯಲ್ಲಿ ನರವೆಂಬ ಅರ್ಥವನ್ನು ಪಡೆದಿದೆ. ಮರಾಠಿಯಲ್ಲಿಯೂ ನಮ್ಮಲ್ಲಿಯೂ ಮಾಂಸಖಂಡವಾಗಿದೆ. ಇದರಿಂದ ಜಗತ್ತೇನೂ ಮುಳುಗಲಿಲ್ಲ. ಬಳಕೆಯಲ್ಲಿ ನೆಲೆನಿಂತುದನ್ನು ನಾನೂ ಒಪ್ಪಿ ಸ್ನಾಯುವೆಂದೇ ಬರೆಯುತ್ತೇನೆ. ಹೆಸರು ಎತ್ತಲಿಂದ ಎತ್ತ ಹೋದರೂ ವಸ್ತು ಕೆಡುವುದಿಲ್ಲ. ಕ್ರಿಯಾಪದ ತಪ್ಪಿದರೆ ಮಾತ್ರ ವಸ್ತುವೇ ಕೆಟ್ಟುಹೋಗುತ್ತದೆ.

ಹೇಗೆಂದು ಹೇಳುತ್ತೇನೆ. ‘ಸ್ನಾಯುಗಳ ಸಂಕುಚನದಿಂದ ಚಲನೆಯು ಉಂಟಾಗುತ್ತದೆ’ ಎಂಬ ಬಗೆಯ ವಾಕ್ಯವನ್ನು ನಾವು ಬಾಲ್ಯದಿಂದ ಓದಿದ್ದೇವೆ. ವಾಕ್ಯದಲ್ಲಿ ತಪ್ಪಿಲ್ಲ, ಮೊಳಕೈ ಮಡಿಸಿದಾಗ ತೋಳಿನ ಸ್ನಾಯು ಗಿಡ್ಡವಾಗುವುದು ನಿಜ. ಆದರೆ ಸಂಕುಚನವೆಂದೊಡನೆ ಓದುವವನ ಕಣ್ಣಿಗೆ ಕಟ್ಟುವ ಚಿತ್ರ ಯಾವುದು? ಬಿಸಿಲಿಗೆ ಸುರುಟಿಕೊಂಡ ಎಲೆಯದು, ಇಲ್ಲವೆ ಮುಟ್ಟಿದರೆ ಮುದುಡುವ ಹುಳುವಿನದು. ಸ್ನಾಯುವಿನೊಳಗೆ ಹಾಗೆ ಮುದುಡುವ ಏನೋ ಒಂದಿದೆಯೆಂದು ಅವನು ಭಾವಿಸುತ್ತಾನೆ. ವಿಜ್ಞಾನಿಗಳೂ ಬಹುಕಾಲ ಹಾಗೆಯೇ ಭಾವಿಸಿದ್ದರು. 1864ರಲ್ಲಿ ಜರ್ಮನಿಯ ಕ್ಯೂನೆ ಸ್ನಾಯುವಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಮಯೋಸಿನ್ ಎಂದು ಹೆಸರಿಟ್ಟನು. 1940ರ ದಶಕದ ಮೊದಲಲ್ಲಿ, ಯುದ್ಧದ ನಡುವೆ, ಹಂಗರಿಯ ಸೆಂಟ್-ಜಾರ್ಜಿಯ ಪ್ರಯೋಗಶಾಲೆಯಲ್ಲಿ ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನು ದೊರೆಯಿತು. ಎರಡನ್ನೂ ಸೇರಿಸಿ ಎಳೆ ಮಾಡಿ, ಎ.ಟಿ.ಪಿ. ಎಂಬ ರಾಸಾಯನಿಕವನ್ನು ಬೆರೆಸಿದರೆ, ಜೀವವಿಲ್ಲದ ಆ ಎಳೆ ಗಾಜಿನ ತಟ್ಟೆಯಲ್ಲಿ ತಾನಾಗಿ ಗಿಡ್ಡವಾಯಿತು. ಚಲನೆಯ ಮೂಲ ಈ ಎರಡು ಪ್ರೋಟೀನುಗಳಲ್ಲಿದೆ ಎಂಬುದು ಖಚಿತವಾಯಿತು. ಅವು ಮಡಿಚಿಕೊಂಡೋ ಸುರುಳಿಸುತ್ತಿಕೊಂಡೋ ಕುಗ್ಗುತ್ತಿರಬೇಕೆಂದು ಬಹುಮಂದಿ ನಂಬಿದರು.

ಆ ನಂಬಿಕೆಯನ್ನು ಅಲುಗಿಸಿದ್ದು 1954ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟವಾದ ಎರಡು ಲೇಖನಗಳು. ಒಂದನ್ನು ಬರೆದವರು ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್ಗೆರ್ಕೆ; ಇನ್ನೊಂದನ್ನು ಬರೆದವರು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ಮಹಿಳೆ. ಹೆಸರು ಒಂದೇ ಆದರೂ ಇಬ್ಬರು ಹಕ್ಸ್‌ಲಿಗಳು ಬಂಧುಗಳಲ್ಲ. ಬೇರೆ ಬೇರೆ ದಾರಿಯಿಂದ ಬಂದು ಅವರು ಕಂಡುದು ಒಂದೇ ಸತ್ಯ: ಸ್ನಾಯುವಿನೊಳಗೆ ದಪ್ಪ ಎಳೆಗಳಿವೆ, ಸಣ್ಣ ಎಳೆಗಳಿವೆ; ಸ್ನಾಯು ಗಿಡ್ಡವಾದಾಗ ಇವೆರಡರಲ್ಲಿ ಯಾವುದೂ ಗಿಡ್ಡವಾಗುವುದಿಲ್ಲ. ಒಂದರ ಪಕ್ಕದಲ್ಲಿ ಇನ್ನೊಂದು ಸರಿಯುತ್ತದೆ, ಅಷ್ಟೆ. ದಪ್ಪ ಎಳೆ ಮಯೋಸಿನ್ನಿನದು. ಸಣ್ಣ ಎಳೆ ಆಕ್ಟಿನ್ನಿನದು. ದಪ್ಪ ಎಳೆಯ ಮೈಮೇಲೆ ನೂರಾರು ಪುಟ್ಟ ತಲೆಗಳು ಹೊರಚಾಚಿರುತ್ತವೆ. ಆ ತಲೆಗಳು ಸಣ್ಣ ಎಳೆಯನ್ನು ಹಿಡಿಯುತ್ತವೆ, ಜಗ್ಗುತ್ತವೆ, ಬಿಡುತ್ತವೆ. ತುಸು ಮುಂದೆ ಮತ್ತೆ ಹಿಡಿಯುತ್ತವೆ. ಒಂದು ಸಲ ಜಗ್ಗಿದರೆ ಎಳೆ ಸರಿಯುವುದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿನಷ್ಟು, ಇಲ್ಲವೆ ಅದಕ್ಕೂ ಕಡಮೆ. ಇಂತಹ ಎಳೆಗಳ ಒಂದೊಂದು ಅಂಕಣದ ಉದ್ದ ಮಿಲಿಮೀಟರಿನ ಸುಮಾರು ನಾನೂರರಲ್ಲೊಂದು ಪಾಲು. ಅಂಕಣಕ್ಕೆ ಅಂಕಣ ಜೋಡಿಸಿ, ಸಾವಿರಾರು ಅಂಕಣಗಳು ಒಮ್ಮೆಗೇ ತುಸುತುಸು ಒಳಸರಿದಾಗ ನಮ್ಮ ಕೈ ಮೇಲೇಳುತ್ತದೆ.

ಇದಕ್ಕೆ ಕನ್ನಡದಲ್ಲಿ ಕ್ರಿಯಾಪದವಿಲ್ಲವೆ? ಬಾವಿಯ ಕಟ್ಟೆಯ ಬಳಿ ನಿಂತು ನೀರು ತೆಗೆಯುವ ಹೆಂಗಸನ್ನು ನೆನೆಯಿರಿ. ಒಂದು ಕೈ ಹಗ್ಗವನ್ನು ಹಿಡಿಯುತ್ತದೆ, ಜಗ್ಗುತ್ತದೆ. ಅಷ್ಟರಲ್ಲಿ ಇನ್ನೊಂದು ಕೈ ಮುಂದೆ ಹೋಗಿ ಹಿಡಿದಿರುತ್ತದೆ. ಮೊದಲ ಕೈ ಬಿಡುತ್ತದೆ. ಹಗ್ಗ ಗಿಡ್ಡವಾಗಲಿಲ್ಲ, ತೋಳು ಗಿಡ್ಡವಾಗಲಿಲ್ಲ, ಕೊಡ ಮಾತ್ರ ಮೇಲೆ ಬಂತು. ಎರಡು ಕೈಗಳೂ ಒಮ್ಮೆಗೇ ಬಿಟ್ಟರೆ ಕೊಡ ಬಾವಿಯ ಪಾಲು. ಮಯೋಸಿನ್ನಿನ ತಲೆಗಳೂ ಹಾಗೆಯೇ ಒಂದಾದ ಮೇಲೊಂದು ಸರದಿಯಿಂದ ದುಡಿಯುತ್ತವೆ. ಕೆಲವು ಬಿಟ್ಟಾಗ ಕೆಲವು ಹಿಡಿದಿರುತ್ತವೆ. ತುಂಬಿದ ಕೊಡವನ್ನು ನಡುಬಾವಿಯಲ್ಲಿ ಅಲುಗದಂತೆ ನಿಲ್ಲಿಸಿದಾಗ ತೋಳು ಏಕೆ ದಣಿಯುತ್ತದೆಂಬುದನ್ನು ‘ಸಂಕುಚನ’ ಹೇಳಲಾರದು, ಏಕೆಂದರೆ ಅಲ್ಲಿ ಯಾವುದೂ ಗಿಡ್ಡವಾಗುತ್ತಿಲ್ಲ. ಹಿಡಿದು ಜಗ್ಗುವ ಕೆಲಸ ಮಾತ್ರ ಒಳಗೆ ನಡೆದೇ ಇರುತ್ತದೆ. ಈ ಇಡೀ ಕಾರ್ಯಕ್ಕೆ ನಮ್ಮ ನುಡಿಯಲ್ಲಿ ಒಂದೇ ಒಂದು ಧಾತುವಿದೆ: ಸೇದು. ನೀರು ಸೇದುವುದನ್ನು ಬಲ್ಲ ಮಗುವಿಗೆ, ಮಯೋಸಿನ್ ಆಕ್ಟಿನ್ನನ್ನು ಸೇದುತ್ತದೆ ಎಂದು ಹೇಳಿದರೆ, 1954ರ ಆ ಶೋಧವನ್ನು ಅದು ಒಂದು ವಾಕ್ಯದಲ್ಲಿ ಗ್ರಹಿಸುತ್ತದೆ. ಸಂಕುಚನವೆಂದು ಹೇಳಿದರೆ 1954ಕ್ಕೆ ಹಿಂದಿನ ತಪ್ಪನ್ನೇ ಕಲಿಯುತ್ತದೆ. ಇಂಗ್ಲಿಷಿನ ಹಳೆಯ ಹೆಸರೊಂದನ್ನು ನಾವು ಸಂಸ್ಕೃತಕ್ಕೆ ತಿರುಗಿಸಿಕೊಂಡು, ಅದರೊಡನೆ ಅವರ ಹಳೆಯ ಭ್ರಮೆಯನ್ನೂ ತಂದುಕೊಂಡೆವು.

ಇನ್ನು ಮೂರನೆಯ ಕ್ರಿಯಾಪದದ ಕಡೆಗೆ ಬರೋಣ. ಹಿಡಿಯುವುದಕ್ಕೂ ಜಗ್ಗುವುದಕ್ಕೂ ಶಕ್ತಿ ಬೇಕು, ಬಿಡುವುದಕ್ಕೇನು ಬೇಕು ಎಂದು ನಾವು ತಿಳಿಯುವುದು ಸಹಜ. ಸ್ನಾಯುವಿನ ರಹಸ್ಯವಿರುವುದು ಇಲ್ಲಿಯೇ. ಮಯೋಸಿನ್ನಿನ ತಲೆ ಒಮ್ಮೆ ಎಳೆಯನ್ನು ಹಿಡಿದು ಜಗ್ಗಿದ ಮೇಲೆ ತಾನಾಗಿ ಬಿಡಲಾರದು. ಹೊಸದೊಂದು ಎ.ಟಿ.ಪಿ. ಅಣು ಬಂದು ಅದಕ್ಕೆ ಅಂಟಿದಾಗಲೇ ಹಿಡಿತ ಸಡಿಲುತ್ತದೆ. ಆ ಅಣು ಒಡೆದಾಗ ತಲೆ ಹಿಂದಕ್ಕೆ ಬಾಗಿ, ಎಳೆದ ಬಿಲ್ಲಿನಂತೆ, ಮುಂದಿನ ಸಲಕ್ಕೆ ಸಿದ್ಧವಾಗುತ್ತದೆ. ಎ.ಟಿ.ಪಿ. ಬಾರದಿದ್ದರೆ ತಲೆ ಹಿಡಿದದ್ದನ್ನು ಹಿಡಿದೇ ಇರುತ್ತದೆ. ದೇಹದಲ್ಲಿ ಎ.ಟಿ.ಪಿ. ಹುಟ್ಟುವುದು ಪೂರಾ ನಿಂತುಹೋಗುವುದು ಯಾವಾಗ? ಪ್ರಾಣ ಹೋದ ಮೇಲೆ. ಆಗ ಸ್ನಾಯುಗಳು ಬಿಡಲಾರದೆ ಬಿಗಿದು ನಿಲ್ಲುತ್ತವೆ, ದೇಹ ಸೆಟೆಯುತ್ತದೆ. ಕೆಲವು ಗಂಟೆಗಳಲ್ಲಿ ಮೊದಲಾಗಿ, ಸುಮಾರು ಅರ್ಧ ದಿನದಲ್ಲಿ ಇಡೀ ಮೈಯನ್ನು ಆವರಿಸಿ, ಪ್ರೋಟೀನುಗಳೇ ಕರಗತೊಡಗಿದ ಮೇಲೆ ಅದು ಇಳಿಯುತ್ತದೆ. ಬೇಸಗೆಯಲ್ಲಿ ಇದೆಲ್ಲ ಬೇಗ ಬೇಗ ನಡೆಯುತ್ತದೆ.

ನಮ್ಮ ಕಡೆಯ ಹಿರಿಯರಿಗೆ ಇದು ಗೊತ್ತಿಲ್ಲವೆ? ಲಿಂಗಾಯತ ಮನೆತನಗಳಲ್ಲಿ ಮೃತರನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಪದ್ಧತಿಯಿದೆ. ಸಾವಾದ ಮನೆಯಲ್ಲಿ ಎಲ್ಲರೂ ಅಳುತ್ತಿರುವಾಗ ಅನುಭವಸ್ಥರಾದ ಒಬ್ಬಿಬ್ಬರು ಹಿರಿಯರು ಮಾತ್ರ ಅಳುವನ್ನು ತಡೆದುಕೊಂಡು, ಮೈ ಸೆಟೆಯುವ ಮುನ್ನ ಕಾಲುಗಳನ್ನು ಮಡಿಸಿ ಕೂಡಿಸಬೇಕೆಂದು ಅವಸರಪಡಿಸುತ್ತಾರೆ. ಅವರು ಎ.ಟಿ.ಪಿ.ಯ ಹೆಸರನ್ನು ಕೇಳಿದವರಲ್ಲ. ಆದರೆ ‘ಸೆಟೆ’ ಎಂಬ ಕ್ರಿಯಾಪದ ಅವರ ಬಾಯಲ್ಲಿದೆ. ಅದರ ಹಿಂದೆ ತಲೆಮಾರುಗಳ ನೋಟವಿದೆ. ವಿಜ್ಞಾನದ ಪಾಠ ಅಲ್ಲಿಂದ ಮೊದಲಾಗಬೇಕಾಗಿತ್ತು. ಸತ್ತ ಮೈ ಏಕೆ ಸೆಟೆಯುತ್ತದೆ ಎಂದು ಕೇಳಿ, ಬಿಡುವ ಕಸುವು ಹೋಯಿತಾದ್ದರಿಂದ ಎಂದು ಉತ್ತರ ಹೇಳಿದರೆ, ಬದುಕಿರುವ ಮೈ ಹೇಗೆ ಚಲಿಸುತ್ತದೆಂಬುದು ತಾನಾಗಿ ತಿಳಿಯುತ್ತದೆ. ಸಾವಿನಲ್ಲಿ ಮೈ ಸಡಿಲುತ್ತದೆ, ಬದುಕಿನಲ್ಲಿ ಬಿಗಿಯುತ್ತದೆ ಎಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಸ್ನಾಯು ಹೇಳುವ ಮಾತು ಬೇರೆ: ಹಿಡಿದುದನ್ನು ಬಿಡಬಲ್ಲುದೇ ಬದುಕಿನ ಲಕ್ಷಣ. ಇದನ್ನು ಓದಿದ ವಿದ್ಯಾರ್ಥಿ ಸಾಹಿತ್ಯದವನಾಗಲಿ ವಿಜ್ಞಾನದವನಾಗಲಿ, ಒಂದು ಗಳಿಗೆ ಯೋಚಿಸದೆ ಇರಲಾರ.

ಈ ಎ.ಟಿ.ಪಿ. ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಹೇಳಲು ಡಂಬಳಕ್ಕೆ ಹೋಗಬೇಕು. ಹೊರಗಿನವರು ಡಂಬಳವನ್ನು ಬಲ್ಲುದು ದೊಡ್ಡಬಸಪ್ಪನ ಗುಡಿಯಿಂದ. ಹನ್ನೆರಡನೆಯ ಶತಮಾನದ ಆ ಗುಡಿಯ ನಕ್ಷತ್ರಾಕಾರದ ತಳವಿನ್ಯಾಸವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಸುತ್ತಣ ಹಳ್ಳಿಗಳವರು ಡಂಬಳವನ್ನು ಬಲ್ಲುದು ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಿಂದ. ಮನೆಮನೆಗಳಲ್ಲಿ ತಟ್ಟಿದ ಜೋಳದ ರೊಟ್ಟಿಗಳು ಮಠದಲ್ಲಿ ರಾಶಿಯಾಗಿ, ಕರಿಂಡಿಯೊಡನೆ ಎಲ್ಲ ಜಾತಿಮತದವರ ಕೈಗೂ ಪ್ರಸಾದವಾಗಿ ಸೇರುತ್ತವೆ. ಆ ರಾಶಿಯ ಒಂದೊಂದು ರೊಟ್ಟಿಯ ಹಿಂದೆಯೂ ಒಂದು ತೋಳಿದೆ. ರೊಟ್ಟಿ ತಟ್ಟುವ ಆ ತೋಳನ್ನು ನೋಡಿ. ಸ್ನಾಯು ಜಗ್ಗಬಲ್ಲುದೇ ಹೊರತು ನೂಕಲಾರದು. ತೋಳನ್ನು ಮಡಿಸುವುದು ಒಂದು ಸ್ನಾಯು. ಚಾಚುವುದು ಅದಕ್ಕೆ ಎದುರು ನಿಂತ ಇನ್ನೊಂದು. ಒಂದು ಜಗ್ಗುವಾಗ ಇನ್ನೊಂದು ಬಿಟ್ಟುಕೊಡಬೇಕು. ಬಿಟ್ಟುಕೊಡದಿದ್ದರೆ ತೋಳು ಕಂಬವಾಗುತ್ತದೆ, ರೊಟ್ಟಿಯಾಗುವುದಿಲ್ಲ. ನರದ ಆಜ್ಞೆ ಬಂದೊಡನೆ ಸ್ನಾಯುಕೋಶದೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಸುರಿದು, ಆಕ್ಟಿನ್ನಿನ ಮೇಲಿನ ಮುಚ್ಚಳವನ್ನು ಸರಿಸುತ್ತದೆ. ಆಗ ಮಯೋಸಿನ್ನಿಗೆ ಹಿಡಿಯಲು ಎಡೆ ದೊರೆಯುತ್ತದೆ. ಈ ಕ್ಯಾಲ್ಸಿಯಮ್ಮಿನ ಕೀಲಿಯನ್ನು ತೆರೆದು ತೋರಿಸಿದವರಲ್ಲಿ ಜಪಾನಿನ ಎಬಾಶಿ ಮುಖ್ಯರು. ಆಜ್ಞೆ ನಿಂತಾಗ ಕ್ಯಾಲ್ಸಿಯಮ್ಮನ್ನು ಮತ್ತೆ ಚೀಲಗಳಿಗೆ ತುಂಬಬೇಕು. ಆ ತುಂಬುವ ಕೆಲಸಕ್ಕೂ ಎ.ಟಿ.ಪಿ. ತೆರಬೇಕು. ಸಡಿಲಾಗುವುದು ಪುಕ್ಕಟೆಯಲ್ಲ ಎಂಬುದಕ್ಕೆ ಇದು ಎರಡನೆಯ ಸಾಕ್ಷಿ.

ಎ.ಟಿ.ಪಿ.ಯನ್ನು ಕೈಯಲ್ಲಿರುವ ಚಿಲ್ಲರೆ ಹಣವೆನ್ನಬಹುದು. ಸ್ನಾಯುವಿನಲ್ಲಿ ಅದು ಒಂದೆರಡು ಕ್ಷಣದ ದುಡಿಮೆಗಾಗುವಷ್ಟು ಮಾತ್ರ ಇರುತ್ತದೆ. ಖರ್ಚಾದಂತೆಲ್ಲ ಹೊಸದಾಗಿ ಮಾಡಿಕೊಳ್ಳುತ್ತಲೇ ಇರಬೇಕು. ಮಾಡಿಕೊಳ್ಳುವ ಬಂಡವಾಳವೇ ರೊಟ್ಟಿ. ಜೋಳದ ಪಿಷ್ಟ ಸಕ್ಕರೆಯಾಗಿ, ಸಕ್ಕರೆ ಉಸಿರಿನ ಆಮ್ಲಜನಕದೊಡನೆ ಉರಿದು, ಆ ಶಕ್ತಿ ಎ.ಟಿ.ಪಿ.ಯಾಗುತ್ತದೆ. ಹೀಗೆ ಉರಿದ ಶಕ್ತಿಯಲ್ಲಿ ಕೆಲಸವಾಗಿ ಕೈಗೆ ದಕ್ಕುವುದು ಸುಮಾರು ಕಾಲುಪಾಲು. ಮಿಕ್ಕುದು ಬಿಸಿಯಾಗಿ ಹೋಗುತ್ತದೆ. ದುಡಿದವನ ಮೈ ಬಿಸಿಯೇರುವುದೂ, ಚಳಿಯಲ್ಲಿ ಮೈ ನಡುಗಿ ತನ್ನನ್ನು ಕಾಯಿಸಿಕೊಳ್ಳುವುದೂ ಇದರಿಂದಲೇ. ರೊಟ್ಟಿಗೂ ರಟ್ಟೆಗೂ ನಂಟು ಕಟ್ಟಿದ ನಮ್ಮ ಜನರ ಮಾತು ಪ್ರಾಸಕ್ಕಾಗಿ ಮಾತ್ರ ಹುಟ್ಟಿದ್ದಲ್ಲ.

ಸ್ನಾಯು ಜಗ್ಗಿದ್ದು ಎಲುಬಿಗೆ ಮುಟ್ಟಬೇಕಾದರೆ ನಡುವೆ ಹಗ್ಗ ಬೇಕು. ಸುಶ್ರುತನ ಕಟ್ಟುವ ನಾರು ಇಲ್ಲಿ ಮತ್ತೆ ಬರುತ್ತದೆ. ಆ ನಾರಿನ ಪ್ರೋಟೀನು ಕೊಲಾಜೆನ್. ಅದರ ರಚನೆಯನ್ನು ಅದೇ 1954ರಿಂದ ಮೊದಲ್ಗೊಂಡು ಬಿಡಿಸಿ ಹೇಳಿದವರು ಮದರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಪ್ರೋಟೀನುಗಳ ಅಧ್ಯಯನಕ್ಕೆ ಅಲ್ಲಿ ಒಂದು ವಿಭಾಗವನ್ನೇ ಕಟ್ಟಿದರು. ಅವರು ಕಂಡುದು ಮೂರೆಳೆಯ ಹುರಿ. ಮೂರು ಎಳೆಗಳನ್ನು ಒಂದರ ಸುತ್ತ ಒಂದು ಹೊಸೆದಿರುವುದರಿಂದಲೇ ಅದು ಹರಿಯುವುದಿಲ್ಲ. ಪುಂಡಿನಾರನ್ನು ತೊಡೆಯ ಮೇಲಿಟ್ಟು ಹೊಸೆಯುವ ರೈತನಿಗೆ ಇದನ್ನು ವಿವರಿಸಲು ಯಾವ ಪಾರಿಭಾಷಿಕ ಕೋಶ ಬೇಕು?

ಇಷ್ಟೆಲ್ಲ ಸರಿ, ಸೂಕ್ಷ್ಮ ವಿಷಯ ಬಂದಾಗ ಹಳ್ಳಿಯ ಮಾತು ಸಾಲದು ಎಂದು ಹೇಳುವವರಿದ್ದಾರೆ. ಅವರಿಗಾಗಿ ನಮ್ಮ ವ್ಯಾಕರಣದ ಮನೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಪ್ರೋಟೀನನ್ನು ಕಟ್ಟುವ ಸೂತ್ರ ವಂಶವಾಹಿಯಲ್ಲಿ ಅಕ್ಷರಗಳ ಸಾಲಿನಂತೆ ಇರುತ್ತದೆ. ಆ ಸಾಲಿನಲ್ಲಿ ಅಕ್ಷರ ಬಿಟ್ಟುಹೋಗಬಹುದು, ಇಲ್ಲದ ಅಕ್ಷರ ಬಂದು ಸೇರಬಹುದು, ಒಂದರ ಜಾಗದಲ್ಲಿ ಇನ್ನೊಂದು ಬರಬಹುದು. ಕನ್ನಡ ಸಂಧಿಯನ್ನು ಕಲಿತ ಎಂಟನೆಯ ತರಗತಿಯ ಹುಡುಗ ಇದನ್ನು ಕೇಳಿದೊಡನೆ ಲೋಪ, ಆಗಮ, ಆದೇಶ ಎಂದು ಹೇಳಲಾರನೆ? 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ದಕ್ಷಿಣ ಏಷ್ಯದ ಜನರಲ್ಲಿ ನೂರಕ್ಕೆ ಸುಮಾರು 4 ಮಂದಿಯಲ್ಲಿ ಇಂತಹ ಒಂದು ಲೋಪವನ್ನು ತೋರಿಸಿತು. ಹೃದಯದ ಸ್ನಾಯುವಿನಲ್ಲಿ ಮಯೋಸಿನ್ನಿಗೆ ಅಂಟಿಕೊಂಡು ಅದರ ದುಡಿಮೆಯನ್ನು ಹದದಲ್ಲಿಡುವ ಒಂದು ಪ್ರೋಟೀನಿದೆ. ಅದರ ಸೂತ್ರದಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುತ್ತವೆ. ಹೃದಯ ಕ್ರಮೇಣ ದುರ್ಬಲವಾಗುವ ಅಪಾಯಕ್ಕೂ ಈ ಲೋಪಕ್ಕೂ ನಂಟಿದೆಯೆಂದು ಆ ಸಂಶೋಧಕರು ಹೇಳಿದರು. ಲೋಪವಿದ್ದವರಿಗೆಲ್ಲ ರೋಗ ಬಂದೇ ಬರುತ್ತದೆಂದು ಇದರ ಅರ್ಥವಲ್ಲ. ಆದರೆ ಈ ವಿಷಯ ಯಾರದು? ನಮ್ಮದು, ನಮ್ಮ ಮನೆಯ ಅಪ್ಪ ಅಮ್ಮಂದಿರ ಎದೆಯದು. ವೈದ್ಯರ ಮುಂದೆ ಕೈಕಟ್ಟಿ ಕುಳಿತ ರೈತನಿಗೆ ತನ್ನ ಎದೆಯೊಳಗೆ ನಡೆಯುತ್ತಿರುವುದೇನೆಂದು ತಿಳಿಯುವ ಹಕ್ಕಿದೆ. ಹೃದಯವೂ ಒಂದು ಸ್ನಾಯು. ಅದು ಬಡಿದರೆ ಸಾಲದು, ಪ್ರತಿ ಬಡಿತದ ನಡುವೆ ಪೂರ್ತಿಯಾಗಿ ಸಡಿಲಲೂಬೇಕು. ಸಡಿಲದ ಹೃದಯದೊಳಗೆ ರಕ್ತ ತುಂಬಲಾರದು. ಇಷ್ಟನ್ನು ಅವನ ಮಾತಿನಲ್ಲಿ ಹೇಳಬಲ್ಲ ವೈದ್ಯ ನಮ್ಮ ಶಾಲೆಗಳಿಂದಲೇ ಹೊರಡಬೇಕಲ್ಲವೆ?

ಹಾಗೆಂದು ನಾನು ಇಂಗ್ಲಿಷನ್ನು ಓಡಿಸಬೇಕೆಂದು ಹೇಳುತ್ತಿಲ್ಲ. ಮಯೋಸಿನ್, ಆಕ್ಟಿನ್, ಕ್ಯಾಲ್ಸಿಯಂ ಇವು ಜಗತ್ತಿನ ಹೆಸರುಗಳು. ಅವು ಹಾಗೆಯೇ ಇರಲಿ. ಅವಕ್ಕೆಲ್ಲ ಸಂಸ್ಕೃತದ ಅಂಗಿ ತೊಡಿಸುವುದು ವ್ಯರ್ಥ ಶ್ರಮ. ನಾಮಪದವನ್ನು ಯಾವ ಭಾಷೆಯಿಂದ ತಂದರೂ ನಡೆಯುತ್ತದೆ. ಕನ್ನಡ ಅದನ್ನು ವಿಭಕ್ತಿ ಹಚ್ಚಿ ಮನೆಯವನನ್ನಾಗಿ ಮಾಡಿಕೊಳ್ಳುತ್ತದೆ. ಕ್ರಿಯಾಪದವನ್ನು ಮಾತ್ರ ಎರವಲು ತರಲಾಗದು. ‘ಸಂಕುಚನವು ಜರುಗುತ್ತದೆ’, ‘ಶಿಥಿಲೀಕರಣವು ಉಂಟಾಗುತ್ತದೆ’ ಎಂದು ಬರೆದಾಗ ಅಲ್ಲಿರುವುದು ಕ್ರಿಯಾಪದದ ನೆರಳು ಮಾತ್ರ. ಏನೋ ಜರುಗಿತು, ಏನೋ ಉಂಟಾಯಿತು. ಯಾರು ಏನು ಮಾಡಿದರೆಂಬುದು ತಿಳಿಯದು. ಇಂತಹ ಕನ್ನಡವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಇಂಗ್ಲಿಷಿನ ತರಗತಿಗೆ ಹೋದಾಗ ಅಲ್ಲಿ ಮತ್ತೊಂದು ಬಗೆಯ ಬಾಯಿಪಾಠವನ್ನು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಅವನು ಎಡವುವುದು ಕನ್ನಡದಲ್ಲಿ ಓದಿದುದರಿಂದಲ್ಲ, ಕನ್ನಡದಲ್ಲಿ ತಿಳಿಯದೆ ಹೋದುದರಿಂದ. ಹಿಡಿದು ಜಗ್ಗಿ ಬಿಡುವುದನ್ನು ಕನ್ನಡದಲ್ಲಿ ಕಂಡವನಿಗೆ ಅದರ ಇಂಗ್ಲಿಷ್ ಹೆಸರನ್ನು ಕಲಿಯಲು ಒಂದು ಸಂಜೆ ಸಾಕು.

ಆದುದರಿಂದ ನನ್ನ ಸಲಹೆ ಸಣ್ಣದು. ವಿಜ್ಞಾನದ ಪಠ್ಯ ಬರೆಯುವಾಗ ಪದಪಟ್ಟಿಯಿಂದ ಮೊದಲು ಮಾಡುವುದನ್ನು ಬಿಡೋಣ. ಏನು ನಡೆಯುತ್ತದೆ ಎಂಬುದನ್ನು ಮೊದಲು ಕ್ರಿಯಾಪದಗಳಲ್ಲಿ ಬರೆದು, ಹೆಸರುಗಳನ್ನು ಅವುಗಳ ಪಕ್ಕದಲ್ಲಿ ಆಮೇಲೆ ಕೂಡಿಸೋಣ. ಜೀವಶಾಸ್ತ್ರದ ಅಧ್ಯಾಪಕರೂ ಕನ್ನಡದ ಅಧ್ಯಾಪಕರೂ ಒಂದೇ ಕಾಲೇಜಿನ ಒಂದೇ ಕೊಠಡಿಯಲ್ಲಿ ಚಹಾ ಕುಡಿಯುತ್ತಾರೆ. ವಾರಕ್ಕೊಮ್ಮೆ ಅವರು ಒಂದು ಪಾಠವನ್ನು ನಡುವೆ ಇಟ್ಟುಕೊಂಡು ಮಾತಾಡಿದರೆ ಸರಕಾರದ ಆದೇಶವೇನೂ ಬೇಕಾಗುವುದಿಲ್ಲ. ಸೇದುವವರ, ಹೊಸೆಯುವವರ, ತಟ್ಟುವವರ, ಹೊರುವವರ ಬಾಯಲ್ಲಿ ಈ ಧಾತುಗಳು ಇನ್ನೂ ಇವೆ. ಆದರೆ ಕೊಳವೆಯ ನೀರು ಬಂದು ಬಾವಿಗಳು ಮುಚ್ಚುತ್ತಿವೆ. ಹೊಸೆದ ಹಗ್ಗಕ್ಕೆ ಬದಲು ಅಂಗಡಿಯ ಹಗ್ಗ ಬಂದಿದೆ. ನಾಳಿನ ಮಕ್ಕಳಿಗೆ ಸೇದುವುದೆಂದರೇನೆಂದು ಹೇಳಲು ಸ್ನಾಯುವಿನ ಪಾಠವೇ ಬೇಕಾಗಬಹುದು. ಅಷ್ಟರೊಳಗೆ ಆ ಕ್ರಿಯಾಪದಗಳನ್ನು ಪಠ್ಯದೊಳಕ್ಕೆ ತಂದುಕೊಳ್ಳುವುದು ನಮ್ಮ ಕರ್ತವ್ಯ.